ಸ್ಯಾನ್‌ಫ್ರಾನ್ಸಿಸ್ಕೋಗೆ ನೀರು ಇಳಿದು ಬರುತ್ತೆ ಸ್ವಾಮಿ

ಬೆಂಗಳೂರಿನ ಯಾವುದೇ ಐಟಿ ಕಂಪನಿಯ ಕ್ಯಾಂಟೀನಿನಲ್ಲಿ ನೀರಿನ ಮಾತು ಬಂದರೆ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಸ್ಯಾನ್‌ಫ್ರಾನ್ಸಿಸ್ಕೋ ಹೆಸರು ಎತ್ತುತ್ತಾರೆ. ಆನ್‌ಸೈಟ್ ಹೋಗಿ ಬಂದವರಾದರೆ ಐದೇ ನಿಮಿಷ ಸಾಕು. "ಅವರು ನೋಡಿ, ಇನ್ನೂರೆಪ್ಪತ್ತು ಕಿಲೋಮೀಟರ್ ಆಚೆಯ ಬೆಟ್ಟದಿಂದ ನೀರು ತರ್ತಾರೆ. ನಾವು ಲಿಂಗನಮಕ್ಕಿಯಿಂದ ತಂದರೆ ಏನು ತಪ್ಪು? ಹೇಗಿದ್ರೂ ಸಮುದ್ರ ಸೇರಿ ವೇಸ್ಟ್ ಆಗೋ ನೀರು ತಾನೇ?"

ಹೀಗೆ ಹೇಳುವವರು ಕೆಟ್ಟವರಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಸುಸ್ತಾದವರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಬಕೆಟ್ ಸ್ನಾನದ ಬಗ್ಗೆ ಜಗಳ ಆಡಿದವರು. ನಾನೂ ಅದೇ ಟ್ಯಾಂಕರಿನ ನೀರು ಕುಡಿಯೋನೇ. ಆದರೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಹಿನ್ನೀರು ನೋಡುತ್ತಾ ಬೆಳೆದು, ಆಮೇಲೆ ಬಿಇ ಮುಗಿಸಿ ಬೆಂಗಳೂರಿಗೆ ಬಂದು, ಅಲ್ಲಿಂದ ಹದಿನಾಲ್ಕು ತಿಂಗಳು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕೋಡ್ ಬರೆದು ಬಂದವನಿಗೆ ಈ ಹೋಲಿಕೆ ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಯಾಕೆಂದರೆ ಇದನ್ನು ಹೇಳುವವರಿಗೆ ಆ ಊರಿನ ಭೂಗೋಳವೂ ಗೊತ್ತಿಲ್ಲ, ಈ ಊರಿನ ಭೂಗೋಳವೂ ಗೊತ್ತಿಲ್ಲ. ಇನ್ನು ಚರಿತ್ರೆ ಕೇಳಲೇಬೇಡಿ.

ಮೊದಲು ಆ ಊರನ್ನೇ ನೋಡೋಣ. ಸ್ಯಾನ್‌ಫ್ರಾನ್ಸಿಸ್ಕೋ ಅಂದರೆ ಒಂದು ಪರ್ಯಾಯ ದ್ವೀಪದ ತುದಿ. ಪಡುವಣಕ್ಕೆ ಪೆಸಿಫಿಕ್ ಸಾಗರ, ಮೂಡಣಕ್ಕೆ ಕೊಲ್ಲಿ, ಬಡಗಣಕ್ಕೆ ಇವೆರಡನ್ನೂ ಸೇರಿಸುವ ಗೋಲ್ಡನ್ ಗೇಟ್ ಜಲಸಂಧಿ. ಮೂರು ಕಡೆ ನೀರು, ಒಂದು ಲೋಟವೂ ಕುಡಿಯೋ ಹಾಗಿಲ್ಲ. ಇಡೀ ನಗರದ ವಿಸ್ತೀರ್ಣ ಸುಮಾರು 121 ಚದರ ಕಿಲೋಮೀಟರ್, ಅದರಲ್ಲಿ ನಲವತ್ತಕ್ಕೂ ಹೆಚ್ಚು ಗುಡ್ಡಗಳು. ಟ್ವಿನ್ ಪೀಕ್ಸ್ ಎಂಬ ಜೋಡಿ ಗುಡ್ಡದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 280 ಮೀಟರ್. ಕೆಲವು ರಸ್ತೆಗಳಲ್ಲಿ ಕಾರು ಹತ್ತಿಸುವಾಗ ನನಗೆ ಹುಲಿಕಲ್ ಘಾಟಿಯೇ ನೆನಪಾಗೋದು. ಕುದುರೆಗಳು ಈ ಏರು ಹತ್ತಲಾರದೆ ಜಾರಿ ಬೀಳುತ್ತಿದ್ದ ಕಾಲದಲ್ಲಿ, 1873ರಲ್ಲಿ, ಹ್ಯಾಲಿಡಿ ಎಂಬ ತಂತಿ ಹಗ್ಗದ ವ್ಯಾಪಾರಿ ಕೇಬಲ್ ಕಾರು ಓಡಿಸಿ ತೋರಿಸಿದ. ಬೇಸಿಗೆಯ ಸಂಜೆ ಸಮುದ್ರದಿಂದ ಮಂಜು ನುಗ್ಗಿ ಬಂದು ಸೇತುವೆಯನ್ನೇ ನುಂಗುವುದನ್ನು ನೋಡಿದರೆ ಆಗುಂಬೆಯವರಿಗೆ ಮನೆಗೆ ಬಂದಷ್ಟು ಸಂತೋಷ ಆಗುತ್ತೆ. ಮಳೆ ಮಾತ್ರ ಆಗುಂಬೆಯ ಹತ್ತನೇ ಒಂದು ಪಾಲೂ ಇಲ್ಲ.

ಸ್ಪೇನಿನವರು 1776ರಲ್ಲಿ ಅಲ್ಲಿ ಒಂದು ಕೋಟೆ, ಒಂದು ಮಿಷನ್ ಕಟ್ಟಿದರು. ಪಕ್ಕದಲ್ಲಿ ಬೆಳೆದ ಸಣ್ಣ ಊರಿಗೆ ಯೆರ್ಬಾ ಬುವೆನಾ ಅಂತ ಹೆಸರಿತ್ತು. 1847ರಲ್ಲಿ ಅದು ಸ್ಯಾನ್‌ಫ್ರಾನ್ಸಿಸ್ಕೋ ಆಯಿತು. ಮರುವರ್ಷ ಜನವರಿಯಲ್ಲಿ ಸಿಯೆರಾ ಬೆಟ್ಟಗಳ ಬುಡದಲ್ಲಿ ಚಿನ್ನ ಸಿಕ್ಕಿತು. ಸಾವಿರ ಜನರಿದ್ದ ಊರು ಎರಡು ವರ್ಷದೊಳಗೆ ಇಪ್ಪತ್ತೈದು ಸಾವಿರ ಮುಟ್ಟಿತು. ಬಂದ ಹಡಗುಗಳ ನಾವಿಕರೂ ಹಡಗು ಬಿಟ್ಟು ಚಿನ್ನ ಅಗೆಯೋಕೆ ಓಡಿದರು. ಅನಾಥವಾದ ಹಡಗುಗಳಲ್ಲಿ ಎಷ್ಟೋ ಹಾಗೇ ಕೆಸರಲ್ಲಿ ಹೂತವು, ಮೇಲೆ ಮಣ್ಣು ತುಂಬಿ ಬೀದಿ ಮಾಡಿದರು. ಇವತ್ತು ಬ್ಯಾಂಕುಗಳೂ ಸ್ಟಾರ್ಟಪ್‌ಗಳೂ ಇರುವ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನ ಅಡಿಯಲ್ಲಿ ಇನ್ನೂ ಹಡಗುಗಳಿವೆ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಕಟ್ಟಿದ, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಎಬ್ಬಿಸಿದ ನಮ್ಮ ಊರಿಗೂ ಅದಕ್ಕೂ ಹೋಲಿಕೆ ಹುಡುಕುವುದಾದರೆ ಇಲ್ಲಿ ಹುಡುಕಬಹುದು.

ಈಗ ನೀರಿಗೆ ಬರೋಣ. ಈ ನಗರದ ನೀರು ಬರುವುದು ಸಿಯೆರಾ ನೆವಾಡಾ ಪರ್ವತದ ಹೆಚ್ ಹೆಚ್ಚಿ ಎಂಬ ಕಣಿವೆಯಿಂದ. ಅದು ಇರುವುದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗೆ. ಅಲ್ಲಿಯ ಜಲಾಶಯದ ನೀರಿನ ಮಟ್ಟ ಸಮುದ್ರದಿಂದ ಸುಮಾರು 3,800 ಅಡಿ ಮೇಲೆ. ನಗರ ಇರುವುದು ಸಮುದ್ರದ ದಂಡೆಯಲ್ಲಿ. ಹಾಗಾಗಿ ನೀರು ಸುರಂಗ, ಪೈಪುಗಳಲ್ಲಿ ತನ್ನಷ್ಟಕ್ಕೆ ಇಳಿದು ಬರುತ್ತೆ. ದಾರಿಯಲ್ಲಿ ಟರ್ಬೈನು ತಿರುಗಿಸಿ ನಗರಕ್ಕೆ ಕರೆಂಟನ್ನೂ ಕೊಟ್ಟು ಬರುತ್ತೆ.

ಲಿಂಗನಮಕ್ಕಿ ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ 1,819 ಅಡಿ. ಅಂದರೆ 554 ಮೀಟರ್. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಶರಾವತಿ ಬೆಂಗಳೂರಿಗೆ ಇಳಿದು ಬರುವುದಿಲ್ಲ ಸ್ವಾಮಿ, ಹತ್ತಿ ಬರಬೇಕು. ಅದೂ 400 ಕಿಲೋಮೀಟರ್ ದೂರ.

ಇದು ಹೈಸ್ಕೂಲ್ ಫಿಸಿಕ್ಸ್. ಒಂದು ಸಾವಿರ ಲೀಟರ್ ನೀರನ್ನು 365 ಮೀಟರ್ ಮೇಲೆತ್ತೋಕೆ ಕನಿಷ್ಠ ಒಂದು ಯೂನಿಟ್ ಕರೆಂಟು ಬೇಕು. ದ್ರವ್ಯರಾಶಿ, ಗುರುತ್ವ, ಎತ್ತರ, ಮೂರನ್ನೂ ಗುಣಿಸಿ ನೋಡಿ, ಕ್ಯಾಲ್ಕುಲೇಟರ್ ನಿಮ್ಮ ಫೋನಿನಲ್ಲೇ ಇದೆ. ಪಂಪಿನ ನಷ್ಟ, ಪೈಪಿನ ಘರ್ಷಣೆ, ನಡುವೆ ಅಡ್ಡ ಬರುವ ದಿಣ್ಣೆಗಳು, ಇವೆಲ್ಲ ಅದರ ಮೇಲಿನ ಖರ್ಚು. ಅಷ್ಟೇ ಅಲ್ಲ. ಅದೇ ಸಾವಿರ ಲೀಟರನ್ನು ತಳಕಳಲೆಯಿಂದ ಶರಾವತಿ ವಿದ್ಯುದಾಗಾರಕ್ಕೆ ಇಳಿಸಿದ್ದರೆ ಅದು ಸುಮಾರು ಒಂದು ಯೂನಿಟ್ ಕರೆಂಟು ಕೊಡುತ್ತಿತ್ತು. ಬರಬೇಕಿದ್ದ ಯೂನಿಟ್ಟೂ ಹೋಯ್ತು, ಎತ್ತೋಕೆ ಇನ್ನೊಂದೂ ಹೋಯ್ತು. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವ ಹನ್ನೆರಡು ಸಾವಿರ ಲೀಟರಿನ ಒಂದು ಟ್ಯಾಂಕರಿನ ಲೆಕ್ಕ ಹಾಕಿದರೆ ಇಪ್ಪತ್ನಾಲ್ಕು ಯೂನಿಟ್. 2019ರಲ್ಲಿ ಪತ್ರಿಕೆಗಳಲ್ಲಿ ಓಡಾಡಿದ ಅಂಕಿ 30 ಟಿಎಂಸಿ. ಅಷ್ಟು ನೀರನ್ನು ಎತ್ತೋಕೆ ವರ್ಷಕ್ಕೆ ಕನಿಷ್ಠ 85 ಕೋಟಿ ಯೂನಿಟ್, ಕಳೆದುಕೊಳ್ಳೋದು ಹೆಚ್ಚುಕಡಿಮೆ ಇನ್ನೊಂದು 85 ಕೋಟಿ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಎತ್ತೋದಕ್ಕೇ ಜಲಮಂಡಳಿಯ ಖರ್ಚಿನ ದೊಡ್ಡ ಪಾಲು ಕರೆಂಟ್ ಬಿಲ್ಲಿಗೆ ಹೋಗುತ್ತೆ. ಅದು ನೂರು ಕಿಲೋಮೀಟರ್ ಆಸುಪಾಸಿನ ದಾರಿ.

ಕೋಡ್ ರಿವ್ಯೂನಲ್ಲಿ ಒಂದು ಅನಗತ್ಯ ಲೂಪ್ ಕಂಡರೆ ಹತ್ತು ಕಾಮೆಂಟ್ ಹಾಕುವ ನಮ್ಮವರು, ಈ ಯೋಜನೆಯ ಎದುರು ಯಾಕೆ ಇಷ್ಟು ಸಲೀಸಾಗಿ ತಲೆಯಾಡಿಸ್ತಾರೋ ನನಗೆ ಅರ್ಥ ಆಗಿಲ್ಲ. ಮ್ಯಾಪಿನಲ್ಲಿ ಗೆರೆ ಎಳೆದರೆ ಏರುತಗ್ಗು ಕಾಣಲ್ಲ, ಅದೇ ಕಾರಣ ಇರಬೇಕು.

"ಸಮುದ್ರಕ್ಕೆ ಹೋಗಿ ವೇಸ್ಟ್" ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡುವುದು ಬೇಡ. ಲಿಂಗನಮಕ್ಕಿಯಿಂದ ಹೊರಟ ನೀರು ಅಣೆಕಟ್ಟಿನ ಬುಡದಲ್ಲಿ 55 ಮೆಗಾವಾಟಿನ ಯಂತ್ರ ತಿರುಗಿಸಿ, ತಳಕಳಲೆಗೆ ಹೋಗಿ, ಅಲ್ಲಿಂದ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ ಬಿದ್ದು, ಕೊನೆಗೆ ಗೇರುಸೊಪ್ಪದಲ್ಲಿ ಇನ್ನೊಂದು 240 ಮೆಗಾವಾಟ್ ಕೊಟ್ಟು ಆಮೇಲೆ ಹೊನ್ನಾವರದ ಕಡೆ ಹೋಗೋದು. ಹೋಗುವ ದಾರಿಯಲ್ಲಿ ನದಿಯ ಎರಡೂ ದಂಡೆಯಲ್ಲಿ ತೋಟಗಳಿವೆ, ಬಾವಿಗಳಿವೆ. ಸಿಹಿನೀರಿನ ಒತ್ತು ಕಡಿಮೆಯಾದರೆ ಉಪ್ಪುನೀರು ಮೇಲೇರಿ ಬರುತ್ತೆ. ನಾಲ್ಕು ಕಡೆ ಕೂಲಿ ಮಾಡಿ ಸಂಜೆ ಮನೆಗೆ ಹೋಗುವವನನ್ನು ನೋಡಿ "ಸುಮ್ಮನೆ ತಿರುಗ್ತಾನೆ" ಅಂದ ಹಾಗಾಯ್ತು ನಿಮ್ಮ ಮಾತು.

ಇನ್ನು ಚರಿತ್ರೆ. ಸ್ಯಾನ್‌ಫ್ರಾನ್ಸಿಸ್ಕೋ ಆ ನೀರು ತಂದದ್ದು ಹೇಗೆ ಅಂತ ಆನ್‌ಸೈಟ್ ಹೋದವರಲ್ಲಿ ಎಷ್ಟು ಜನ ಓದಿದ್ದಾರೆ? 1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಕಂಪ ಆಯಿತು. ನಡುಕಕ್ಕಿಂತ ಹೆಚ್ಚು ನಾಶ ಮಾಡಿದ್ದು ಆಮೇಲೆ ಎದ್ದ ಬೆಂಕಿ. ನಗರದ ಬಹುಪಾಲು ಬೂದಿಯಾಯಿತು, ಸುಮಾರು ಮೂರು ಸಾವಿರ ಜನ ಸತ್ತರು. ಬೆಂಕಿ ಆರಿಸಲು ನೀರು ಸಿಗಲಿಲ್ಲ, ಯಾಕೆಂದರೆ ನೆಲದಡಿಯ ಪೈಪುಗಳು ಒಡೆದಿದ್ದವು. ಸುತ್ತಲಿನ ಜಲಾಶಯಗಳಲ್ಲಿ ನೀರಿತ್ತು. ಆದರೆ ಆ ಬೂದಿಯ ಮೇಲೆ ನಿಂತವರಿಗೆ "ದೂರದ ಕಣಿವೆಯ ನೀರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂಬ ಮಾತು ನಿಜ ಅನ್ನಿಸಿತು. ಪೈಪು ಒಡೆದದ್ದಕ್ಕೆ ಉತ್ತರವಾಗಿ ಅಣೆಕಟ್ಟು ಬಂತು. ನಮ್ಮಲ್ಲಿ 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿದಾಗ ಮತ್ತೆ ಲಿಂಗನಮಕ್ಕಿಯ ಮಾತು ಕೇಳಿದಾಗ ನನಗೆ ಇದೇ ನೆನಪಾಯಿತು. ಬೋರ್‌ವೆಲ್ ಯಾಕೆ ಬತ್ತಿತು ಅಂತ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಹೆಚ್ ಹೆಚ್ಚಿಯನ್ನು ಮುಳುಗಿಸಬಾರದು ಅಂತ ಜಾನ್ ಮ್ಯೂರ್ ವರ್ಷಗಟ್ಟಲೆ ಹೋರಾಡಿದರು. ರಾಷ್ಟ್ರೀಯ ಉದ್ಯಾನ ಎಂಬ ಕಲ್ಪನೆಯೇ ಬೇರೂರಲು ಕಾರಣರಾದ ಮನುಷ್ಯ. ಆದರೂ 1913ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಕಾನೂನಿಗೆ ಸಹಿ ಹಾಕಿದರು. ಮ್ಯೂರ್ ಮರುವರ್ಷ ತೀರಿಕೊಂಡರು. 1923ರಲ್ಲಿ ಅಣೆಕಟ್ಟು ಮುಗಿಯಿತು, 1934ರಲ್ಲಿ ನೀರು ನಗರದ ಕಡೆ ತಲುಪಿತು. ಇವತ್ತು ಸುಮಾರು 27 ಲಕ್ಷ ಜನ ಅದನ್ನು ಕುಡಿಯುತ್ತಾರೆ. ನಮ್ಮವರು ಹೆಡ್‌ಆಫೀಸಿಗೆ ಹೋದಾಗ ಸಿಲಿಕಾನ್ ವ್ಯಾಲಿಯ ಎಷ್ಟೋ ಕಟ್ಟಡಗಳಲ್ಲಿ ಬಾಟಲಿ ಒಡ್ಡಿ ತುಂಬಿಸಿಕೊಳ್ಳುವ ನಲ್ಲಿಯಲ್ಲಿ ಬರೋದೂ ಅದೇ ನೀರು.

ನಾನು ಒಂದು ಶನಿವಾರ ಅಲ್ಲಿಗೆ ಹೋಗಿದ್ದೆ. ಯೊಸೆಮಿಟಿ ಕಣಿವೆಯಲ್ಲಿ ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ, ಜಾತ್ರೆ. ಅದರ ತಂಗಿಯಂತಿದ್ದ ಹೆಚ್ ಹೆಚ್ಚಿಯಲ್ಲಿ ಬೆರಳೆಣಿಕೆಯ ಕಾರು. ಎರಡು ಬದಿ ಬೂದು ಬಂಡೆಯ ಗೋಡೆ, ಒಂದು ಕಡೆ ಜಲಪಾತ, ನಡುವೆ ಅಲುಗದ ನೀರು. ಅಣೆಕಟ್ಟಿನ ಮೇಲೆ ನಿಂತಾಗ, ಈ ನೀರಿನ ಅಡಿ ಏನಿತ್ತು ಅಂತ ತಿಳಿಯಬೇಕಾದರೆ ಫಲಕ ಓದಬೇಕು. ಓದಿದೆ. ಹುಲ್ಲುಗಾವಲು ಇತ್ತು, ಓಕ್ ಮರಗಳಿದ್ದವು. ಆ ಹೆಸರೇ ಮಿವೊಕ್ ಜನರ ಭಾಷೆಯದು, ಅಲ್ಲಿ ಬೆಳೆಯುತ್ತಿದ್ದ, ಕಾಳು ಉದುರಿಸಿ ತಿನ್ನುತ್ತಿದ್ದ ಒಂದು ಬಗೆಯ ಹುಲ್ಲಿನದು ಅಂತ ಹೇಳ್ತಾರೆ.

ಇಲ್ಲಿದೆ ನೋಡಿ ನನ್ನ ತಕರಾರಿನ ಮೂಲ. ಆ ಇಡೀ ಜಗಳದಲ್ಲಿ ಒಂದು ಕಡೆ ನಗರ ಇತ್ತು, ಇನ್ನೊಂದು ಕಡೆ ಪ್ರಕೃತಿಯ ಸೌಂದರ್ಯ ಇತ್ತು. ಇಂಜಿನಿಯರುಗಳಿಗೆ ಅದು ನೀರು ತುಂಬಲು ದೇವರೇ ಮಾಡಿಕೊಟ್ಟ ಪಾತ್ರೆ, ಮ್ಯೂರ್ ಕಡೆಯವರಿಗೆ ಅದು ದೇವಾಲಯ. ಆ ಹುಲ್ಲಿನ ಕಾಳು ತಿನ್ನುತ್ತಿದ್ದವರು ಎರಡೂ ಕಡೆಯ ಚಿತ್ರದಲ್ಲಿ ಸರಿಯಾಗಿ ಕಾಣಲೇ ಇಲ್ಲ.

ಶರಾವತಿಯ ವಿಷಯದಲ್ಲೂ ಬೆಂಗಳೂರಿನ ಚರ್ಚೆ ಹಾಗೇ ನಡೆಯುತ್ತೆ. ಒಂದು ಕಡೆ ಬೆಂಗಳೂರಿನ ಬಾಯಾರಿಕೆ, ಇನ್ನೊಂದು ಕಡೆ ಸಿಂಗಳೀಕ. ಸಿಂಗಳೀಕದ ಬಗ್ಗೆ ನನಗೂ ಪ್ರೀತಿ ಇದೆ, 2019ರಲ್ಲಿ ಆ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯ ಅಂತ ಘೋಷಿಸಿದ್ದು ಒಳ್ಳೆಯದೇ ಆಯ್ತು. ಆದರೆ ಮಲೆನಾಡು ಅಂದರೆ ಖಾಲಿ ಕಾಡು, ಮಂಜು, ಜಿಗಣೆ, ಹೋಮ್‌ಸ್ಟೇ ಅಂತ ತಿಳಿದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಊರುಗಳಿದ್ದವು. ಊರಲ್ಲ, ನಗರವೇ ಇತ್ತು.

ಹೊಸನಗರ ಎಂಬ ಹೆಸರಿನಲ್ಲಿ 'ಹೊಸ' ಯಾಕಿದೆ ಅಂತ ಯೋಚಿಸಿದ್ದೀರಾ? ಹಳೆಯದೊಂದು ನಗರ ಇತ್ತು, ಈಗಲೂ ಇದೆ. ಹೆಸರು ಬರೀ 'ನಗರ'. ಹಿಂದೆ ಬಿದನೂರು. ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಗೆ ಬಂದ ನಾಯಕರ ರಾಜಧಾನಿ 1640ರ ಹೊತ್ತಿಗೆ ಇಲ್ಲಿಗೆ ಬಂತು. ಸುತ್ತ ಗುಡ್ಡ, ಕೆಳಗೆ ಘಟ್ಟ ಇಳಿದರೆ ಬಸರೂರು, ಹೊನ್ನಾವರದಂಥ ಬಂದರು. ಮೆಣಸು, ಅಕ್ಕಿ, ಅಡಿಕೆ ಘಟ್ಟ ಇಳಿಯುತ್ತಿದ್ದವು, ಹಣ ಘಟ್ಟ ಹತ್ತುತ್ತಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಜಮೀನಿನ ಗುಣ ನೋಡಿ, ಇಳುವರಿ ಲೆಕ್ಕ ಹಾಕಿ ಕಂದಾಯ ಗೊತ್ತು ಮಾಡಿದ. 'ಶಿಸ್ತು' ಎಂಬ ಆ ವ್ಯವಸ್ಥೆಯ ಹೆಸರು ಇವತ್ತಿಗೂ ನಮ್ಮ ಕಡೆಯ ಹಿರಿಯರ ಬಾಯಲ್ಲಿದೆ. ಗದ್ದೆ ಗದ್ದೆಯ ಲೆಕ್ಕ ಇದ್ದ ಸೀಮೆ ಅದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ತನ್ನ ಹೆಸರಿಟ್ಟು ಹೈದರನಗರ ಮಾಡಿದ. ಅಲ್ಲಿ ಸಿಕ್ಕ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬುನಾದಿ ಅಂತ ಚರಿತ್ರೆಕಾರರು ಬರೆಯುತ್ತಾರೆ. ಅಂದರೆ ಶ್ರೀರಂಗಪಟ್ಟಣ ಕಡೆಯವರು ನಮ್ಮಲ್ಲಿಂದ ಹೊತ್ತುಕೊಂಡು ಹೋಗುವುದು ಹೊಸ ಪದ್ಧತಿಯೇನಲ್ಲ. ಈಗ ಕೊಲ್ಲೂರಿಗೆ ಹೋಗುವ ಕಾರುಗಳು ನಗರದ ಕೋಟೆ ಎದುರು ಐದು ನಿಮಿಷ ನಿಂತು ಸೆಲ್ಫಿ ತೆಗೆದು ಹೊರಡುತ್ತವೆ.

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕು ಹಾದು, ಸಾಗರ ತಾಲ್ಲೂಕಿನಲ್ಲಿ ಅಗಲವಾಗಿ, ಜೋಗದಲ್ಲಿ 253 ಮೀಟರ್ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ. ಮೂಲದಿಂದ ಸಮುದ್ರದವರೆಗೆ ಹಿಡಿದರೆ ನೂರಮೂವತ್ತು ಕಿಲೋಮೀಟರ್ ಕೂಡ ಇಲ್ಲ. ಇಷ್ಟು ಗಿಡ್ಡ ನದಿಯಿಂದ ಇಷ್ಟು ದುಡಿಸಿಕೊಂಡ ಸರ್ಕಾರ ಇನ್ನೊಂದು ಇರಲಿಕ್ಕಿಲ್ಲ. 1948ರಲ್ಲಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು. ಅದು ಸಾಲದು ಅಂತ 1964ರಲ್ಲಿ ಲಿಂಗನಮಕ್ಕಿ. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು! ಆಮೇಲೆ ಚಕ್ರಾ, ಸಾವೆಹಕ್ಲು, ಅಲ್ಲಿಯ ನೀರನ್ನೂ ಕಾಲುವೆ ಮಾಡಿ ಲಿಂಗನಮಕ್ಕಿಗೆ ತಿರುಗಿಸಿದರು. ಪಕ್ಕದ ವಾರಾಹಿಗೆ ಮಾಣಿ ಅಣೆಕಟ್ಟು. ಲಿಂಗನಮಕ್ಕಿ ತುಂಬಿದರೆ ಸುಮಾರು 300 ಚದರ ಕಿಲೋಮೀಟರ್ ನೀರು. ಮತ್ತೆ ಹೇಳ್ತೇನೆ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ವಿಸ್ತೀರ್ಣ 121. ಎರಡು ಸ್ಯಾನ್‌ಫ್ರಾನ್ಸಿಸ್ಕೋಗಳನ್ನು ಗುಡ್ಡ ಸಮೇತ ಒಳಗಿಟ್ಟರೂ ಇನ್ನೂ ಅರ್ಧಕ್ಕೆ ಜಾಗ ಉಳಿಯುತ್ತೆ.

ನಮ್ಮ ಅಜ್ಜಿಯ ತವರು ಆ ನೀರಿನಡಿ ಇದೆ. ಅಜ್ಜಿ ಅದನ್ನು ಹೇಳುವಾಗ ಅಳುತ್ತಿರಲಿಲ್ಲ, ಗದ್ದೆಗಳ ಹೆಸರು ಹೇಳುತ್ತಿದ್ದಳು. "ಮಕ್ಕಿಗದ್ದೆ, ಬಾವಿಗದ್ದೆ, ಕೆಳಗಿನ ಸರ, ಆಮೇಲೆ ದೇವಸ್ಥಾನ" ಅಂತ ದಾರಿ ಹೇಳಿದ ಹಾಗೆ. ಚಿಕ್ಕವನಿದ್ದಾಗ ನಾನು ಆ ದಾರಿಯಲ್ಲಿ ನಡೆದು ಹೋಗಬಹುದು ಅಂದುಕೊಂಡಿದ್ದೆ. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಾಗರದವರೇ ಆದ ಅವರು ಈ ಯೋಜನೆಯಲ್ಲೇ ಸರ್ಕಾರಿ ನೌಕರಿ ಮಾಡಿದವರು, ಒಳಗಿನಿಂದ ನೋಡಿ ಬರೆದವರು. 2019ರ ಜೂನಿನಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ್ ಲಿಂಗನಮಕ್ಕಿ ನೀರಿನ ಡಿಪಿಆರ್ ಮಾತು ಎತ್ತಿದಾಗ, ಎಂಬತ್ತು ದಾಟಿದ ಆ ಮನುಷ್ಯ ಹೋರಾಟದ ಮುಂದೆ ನಿಂತರು. ಜುಲೈ 10ಕ್ಕೆ ಇಡೀ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಯೋಜನೆ ಮಾತ್ರ ಸತ್ತಿಲ್ಲ, ಬೇಸಿಗೆ ಬಂದಾಗಲೆಲ್ಲ ಎದ್ದು ಕೂರುತ್ತೆ.

ಮುಳುಗಡೆಯಾದವರಿಗೆ ಏನು ಸಿಕ್ಕಿತು ಅಂತ ಕೇಳಿ. ಕಾಡಿನೊಳಗೆ ಜಾಗ ತೋರಿಸಿ "ಇಲ್ಲಿ ಇರಿ" ಅಂದರು. ಇದ್ದರು. ಅರವತ್ತು ವರ್ಷ ಆದ ಮೇಲೂ ಎಷ್ಟೋ ಕುಟುಂಬಗಳಿಗೆ ಅದರ ಹಕ್ಕುಪತ್ರ ಇಲ್ಲ, ದಾಖಲೆಯಲ್ಲಿ ಅದು ಇನ್ನೂ ಅರಣ್ಯ. ಮೂರನೇ ತಲೆಮಾರು ಬ್ಯಾಂಕಿನಲ್ಲಿ ಬೆಳೆಸಾಲ ಕೇಳೋಕೆ ಹೋದರೆ ಪಹಣಿ ಎಲ್ಲಿ ಅಂತಾರೆ. ಪಹಣಿ ನೀರಿನಡಿ ಇದೆ ಅನ್ನಬೇಕಷ್ಟೆ. ದಶಕಗಟ್ಟಲೆ ರಾಜ್ಯದ ಕರೆಂಟಿನ ಬೆನ್ನೆಲುಬಾಗಿದ್ದ ಜಲಾಶಯದ ದಂಡೆಯ ಹಳ್ಳಿಗಳಿಗೆ ಕರೆಂಟು ಎಷ್ಟು ತಡವಾಗಿ ಬಂತು ಅಂತ ಆ ಕಡೆಯವರನ್ನೇ ವಿಚಾರಿಸಿ. ಲಾಕ್‌ಡೌನಿನಲ್ಲಿ ನಾನು ವರ್ಕ್ ಫ್ರಮ್ ಹೋಮ್ ಮಾಡಿದ್ದು ಮನೆಯಿಂದಲ್ಲ, ಮನೆ ಹಿಂದಿನ ಗುಡ್ಡದಿಂದ. ಸ್ಟ್ಯಾಂಡ್‌ಅಪ್ ಮೀಟಿಂಗು ಅಂದರೆ ನಮ್ಮಲ್ಲಿ ನಿಜವಾಗಿ ನಿಂತೇ ಮಾಡೋದು, ಕೂತರೆ ಸಿಗ್ನಲ್ ಹೋಗುತ್ತೆ.

ಗೋಲ್ಡನ್ ಗೇಟಿನ ಫೋಟೋ ಹಾಕುವವರಿಗೆ ಇನ್ನೊಂದು ಸಂಗತಿ. ಅಲ್ಲೂ ಸೇತುವೆಗೆ ಮುಂಚೆ ಜನ ಫೆರಿಯಲ್ಲೇ ದಾಟುತ್ತಿದ್ದರು. 1933ರಲ್ಲಿ ಕೆಲಸ ಶುರುವಾಗಿ 1937ರ ಮೇ ತಿಂಗಳಲ್ಲಿ ಸೇತುವೆ ತೆರೆಯಿತು, ಅದೂ ಮಹಾ ಆರ್ಥಿಕ ಕುಸಿತದ ನಡುವೆ. ನಮ್ಮ ತುಮರಿ ಕಡೆಯವರು 1964ರಿಂದ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದರು. ಬಾಣಂತಿಯರು ಕಾದರು, ಕಾಲೇಜು ಹುಡುಗಿಯರು ಕಾದರು, ಹಾಲಿನ ಕ್ಯಾನು, ಅಡಿಕೆ ಮೂಟೆ, ಹೆಣ ಎಲ್ಲವೂ ಕಾದವು. ಕತ್ತಲಾದ ಮೇಲೆ ಲಾಂಚ್ ಇಲ್ಲ, ಕಾಡು ಸುತ್ತಿ ಹೋಗಬೇಕು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಅರವತ್ತೊಂದು ವರ್ಷ. ಎರಡು ಕಿಲೋಮೀಟರಿಗೂ ಉದ್ದದ ಚಂದದ ಸೇತುವೆ, ಈಗ ರೀಲ್ಸ್ ಮಾಡೋರಿಗೆ ಹಬ್ಬ. ಬೆಂಗಳೂರಿಗೆ ನಾಲ್ಕು ನೂರು ಕಿಲೋಮೀಟರ್ ಪೈಪ್ ಹಾಕುತ್ತೇವೆ ಅಂತ ಹೇಳುವ ಸರ್ಕಾರಗಳಿಗೆ ಎರಡು ಕಿಲೋಮೀಟರ್ ದಾಟಿಸೋಕೆ ಇಷ್ಟು ಕಾಲ ಬೇಕಾಯಿತು.

ಹಾಗಾದರೆ ಬೆಂಗಳೂರಿನವರು ಏನು ಕುಡಿಯಬೇಕು? ನ್ಯಾಯವಾದ ಪ್ರಶ್ನೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಬೀಳಲ್ಲ, ಬೇಸಿಗೆ ಪೂರ್ತಿ ಒಣ. ಬೆಂಗಳೂರಿನಲ್ಲಿ 900 ದಾಟುತ್ತೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಿಟ್ಟು ಬಿಟ್ಟು ಬರುತ್ತೆ. ಪಾಲಿಕೆಯ ವ್ಯಾಪ್ತಿ 741 ಚದರ ಕಿಲೋಮೀಟರ್ ಅಂತ ಹಿಡಿದು ಗುಣಿಸಿದರೆ ವರ್ಷಕ್ಕೆ ಸುಮಾರು 25 ಟಿಎಂಸಿ ನೀರು ನಿಮ್ಮ ತಲೆಯ ಮೇಲೇ ಸುರಿಯುತ್ತೆ. ಪೂರ್ತಿ ಹಿಡಿಯೋಕೆ ಆಗಲ್ಲ, ಒಪ್ಪಿದೆ. ಅರ್ಧ ಹಿಡಿದರೂ ಹನ್ನೆರಡು. ಈಗ ಅದು ಹೋಗೋದು ಎಲ್ಲಿಗೆ? ಅಂಡರ್‌ಪಾಸಿಗೆ, ಬೇಸ್‌ಮೆಂಟಿಗೆ. ಒಂದು ಗಂಟೆ ಮಳೆಗೆ ಔಟರ್ ರಿಂಗ್ ರೋಡಿನಲ್ಲಿ ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋದವರು ನಾವೇ ಅಲ್ವಾ? ಆ ನೀರು ಯಾರದು? ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಕಳಿಸೋದು 2018ರಿಂದ ನಡೀತಾ ಇದೆ. ಅದನ್ನೇ ಇನ್ನೂ ಚೆನ್ನಾಗಿ ಸೋಸಿ ನಮ್ಮ ಫ್ಲಶ್ಶಿಗೆ, ಕಟ್ಟಡದ ಕೆಲಸಕ್ಕೆ, ತೋಟಕ್ಕೆ ಬಳಸಿದರೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕೋಕೆ ಶರಾವತಿಯವರೆಗೆ ಹೋಗಬೇಕಾಗಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಕೊಡುವ ಸಾಮರ್ಥ್ಯ ಬಂತು. ಅದು ಹಂಚಿ ಮುಗಿಯುವ ಮೊದಲೇ ಆರನೆಯದರ ಮಾತು.

ಘಟ್ಟದ ನೀರನ್ನು ಬಯಲಿಗೆ ಎತ್ತುವ ಕೆಲಸದ ಒಂದು ಮಾದರಿ ಕಣ್ಣೆದುರೇ ಇದೆ. ಎತ್ತಿನಹೊಳೆ. 2014ರಲ್ಲಿ ಅಂದಾಜು 12,912 ಕೋಟಿ ಇತ್ತು, 2023ಕ್ಕೆ 23,251 ಕೋಟಿ ಆಯಿತು. ಮೊದಲ ಹಂತದ ಪಂಪು ಒತ್ತಿದ್ದು 2024ರ ಸೆಪ್ಟೆಂಬರಿನಲ್ಲಿ, ಆ ಹೊತ್ತಿಗೂ ಕೋಲಾರ ನೀರಿನ ಮುಖ ನೋಡಿರಲಿಲ್ಲ. ಸಕಲೇಶಪುರದ ಕಾಡು ಕಡಿದದ್ದು ಮಾತ್ರ ಮೊದಲೇ ಮುಗಿದಿತ್ತು. ಅತ್ತ ಶರಾವತಿಯ ಅದೇ ಅಭಯಾರಣ್ಯದ ಕಣಿವೆಯಲ್ಲಿ ತಳಕಳಲೆಗೂ ಗೇರುಸೊಪ್ಪಕ್ಕೂ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ತರುತ್ತೇವೆ ಅಂತಿದ್ದಾರೆ. ಆ ಕಡತದಲ್ಲಿ ಮಾತ್ರ ನೀರು ಮೇಲೆತ್ತೋಕೆ ಎಷ್ಟು ಕರೆಂಟು ಬೇಕು ಅನ್ನೋದರ ಲೆಕ್ಕ ಇದ್ದೇ ಇರುತ್ತೆ. ಬೆಂಗಳೂರಿನ ಕಡತಕ್ಕೆ ಬಂದಾಗ ಅದು ಮರೆತುಹೋಗುತ್ತೆ.

ನಮ್ಮ ಮಲೆನಾಡಿನವರನ್ನೂ ಸುಮ್ಮನೆ ಬಿಡೋದಿಲ್ಲ. ನದಿ ಉಳಿಸಿ ಅಂತ ಸ್ಟೇಟಸ್ ಹಾಕಿ, ಅದೇ ವಾರ ಬೆಟ್ಟ ಬೋಳಿಸಿ ಅಕೇಶಿಯಾ ನೆಡೋದು, ಹಿನ್ನೀರಿಗೆ ಮುಖ ಮಾಡಿದ ಜಾಗವನ್ನು ರೆಸಾರ್ಟಿನವರಿಗೆ ಮಾರೋದು, ಆಮೇಲೆ ಮಾರ್ಚಿನಲ್ಲಿ ಬಾವಿ ಬತ್ತಿತು ಅಂತ ಪಂಚಾಯಿತಿ ಎದುರು ಕೂರೋದು, ಎಲ್ಲ ನಡೆದಿದೆ. ಅದು ಬೇರೆ ಜಗಳ, ಊರಿಗೆ ಹೋದಾಗ ಆಡ್ತೇನೆ.

ಸ್ಯಾನ್‌ಫ್ರಾನ್ಸಿಸ್ಕೋದವರಿಗೆ 2012ರಲ್ಲಿ ಒಂದು ಅವಕಾಶ ಬಂತು. ಹೆಚ್ ಹೆಚ್ಚಿಯನ್ನು ಖಾಲಿ ಮಾಡಿ, ನಗರಕ್ಕೆ ಬೇರೆ ದಾರಿಯಿಂದ ನೀರು ಕೊಡಬಹುದೇ ಅಂತ ಅಧ್ಯಯನ ಮಾಡೋಣವೇ? ಖಾಲಿ ಮಾಡೋದಲ್ಲ, ಬರೀ ಯೋಜನೆ ತಯಾರಿಸಲು ವೋಟು. ಪರಿಸರದ ಬಗ್ಗೆ ಜಗತ್ತಿಗೇ ಪಾಠ ಹೇಳುವ ಆ ನಗರದ ನೂರಕ್ಕೆ ಎಪ್ಪತ್ತೇಳು ಮಂದಿ ಬೇಡ ಅಂದರು. ಆ ಊರಿನ ಉದಾಹರಣೆ ಕೊಡುವವರು ಇದನ್ನೂ ಕೊಡಬೇಕು. "ಬರೀ ಬರಗಾಲದ ವರ್ಷ ತಗೊಳ್ತೇವೆ, ಬರೀ ಹೆಚ್ಚುವರಿ ನೀರು" ಅಂತ ನಮಗೆ ಹೇಳ್ತಾರಲ್ಲ, ಒಂದು ಸಲ ಪೈಪಿಗೆ ಬಾಯಿಟ್ಟ ನಗರ ಬಾಯಿ ತೆಗೆದದ್ದನ್ನು ಎಲ್ಲಾದರೂ ಕಂಡಿದ್ದರೆ ತೋರಿಸಿ. ಲಿಂಗನಮಕ್ಕಿ ಪ್ರತಿವರ್ಷ ತುಂಬುವುದೂ ಇಲ್ಲ. ತುಂಬದ ವರ್ಷ ಜೋಗದ ಕೆಳಗಿನ ಟರ್ಬೈನಿಗೆ ಮೊದಲೋ, ವೈಟ್‌ಫೀಲ್ಡಿಗೆ ಮೊದಲೋ? ಗೇರುಸೊಪ್ಪದ ಕೆಳಗಿನ ತೋಟದವನ ಸರದಿ ಎಷ್ಟನೆಯದು? ಯಾವ ಡಿಪಿಆರ್ ಮಾಡಿದರೂ ಈ ಮೂರು ಪ್ರಶ್ನೆಗೆ ಉತ್ತರ ಬರೆದು, ಸಾಗರದಲ್ಲಿ ಒಂದು, ಹೊಸನಗರದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು ಸಭೆ ಕರೆದು ಓದಿ ಹೇಳಲಿ. ಅದಕ್ಕೂ ಮೊದಲು 1964ರ ಹಕ್ಕುಪತ್ರಗಳನ್ನು ಹಂಚಿ ಮುಗಿಸಲಿ.

ಸರ್ವೆಗೆ ಬರುವವರು ಆಗಸ್ಟಿನಲ್ಲಿ ಬರುವುದು ಬೇಡ. ಆಗ ಕಣ್ಣು ಹಾಯಿಸಿದಷ್ಟೂ ನೀರು, ಯಾರಿಗಾದರೂ ಆಸೆ ಆಗುತ್ತೆ. ಮಳೆ ಕೈಕೊಟ್ಟ ವರ್ಷ ನೋಡಿ, ಮೇ ಕೊನೆಯಲ್ಲಿ ಬನ್ನಿ. ನೀರು ತಳ ಹಿಡಿದಿರುತ್ತೆ, ಅರವತ್ತು ವರ್ಷದ ಹಿಂದಿನ ಮರದ ಬೊಡ್ಡೆಗಳು ಸಾಲಾಗಿ ನಿಂತಿರುತ್ತವೆ. ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದಿರುತ್ತೆ, ಒಂದು ಕಲ್ಲೂ ಅಲುಗಿಲ್ಲ. ಅದರ ಮೇಲೆ ನಡೆದು ಹೋಗಬಹುದು. ಹುಷಾರು, ಎರಡೂ ಕಡೆ ಕೆಸರಿದೆ.